ಮಂಡಿಯೊಳಗಿನ ಅಪರೂಪದ ಗಡ್ಡೆ: ಮೊದಲ ಆಪರೇಷನ್‌ಗೆ ಅವಸರ ಮಾಡಬೇಡಿ

ಮಂಡಿ ಊದಿಕೊಂಡಿದೆ. ಬಿದ್ದಿಲ್ಲ, ಪೆಟ್ಟಾಗಿಲ್ಲ, ಜ್ವರ ಇಲ್ಲ. ರಕ್ತ ಪರೀಕ್ಷೆ ಎಲ್ಲ ನಾರ್ಮಲ್, ಎಕ್ಸ್‌ರೇಯಲ್ಲೂ ಏನೂ ಕಾಣುತ್ತಿಲ್ಲ. ಆದರೂ ಊತ ಹೋಗುತ್ತಿಲ್ಲ. ಕೆಲವು ವಾರ ಇಳಿಯುತ್ತದೆ, ಮತ್ತೆ ಬರುತ್ತದೆ. ಇಂಥ ಮಂಡಿ ಇಟ್ಟುಕೊಂಡು ಓಡಾಡುತ್ತಿರುವವರಿಗೆ, ಎಂಆರ್‌ಐ ರಿಪೋರ್ಟಿನಲ್ಲಿ ‘ಪಿವಿಎನ್‌ಎಸ್’ ಅಂತಲೋ ‘ಟಿಜಿಸಿಟಿ’ ಅಂತಲೋ ಓದಿ ರಾತ್ರಿಯೆಲ್ಲ ನಿದ್ದೆಗೆಟ್ಟವರಿಗೆ ಇದನ್ನು ಬರೆಯುತ್ತಿದ್ದೇನೆ. ಎರಡೂ ಒಂದೇ ಕಾಯಿಲೆ. ಮೊದಲನೆಯದು ಹಳೇ ಹೆಸರು, ಎರಡನೆಯದು ಈಗಿನದು. ಪೂರ್ತಿ ಹೆಸರು ಟೆನೋಸೈನೋವಿಯಲ್ ಜೈಂಟ್ ಸೆಲ್ ಟ್ಯೂಮರ್. ನನ್ನ ಬಲ ಮಂಡಿಯಲ್ಲಿ ಇರುವುದು ಇದೇ, ಅದರಲ್ಲೂ ಹರಡಿಕೊಂಡಿರುವ ಬಗೆಯದು. ನಾನು ಡಾಕ್ಟರ್ ಅಲ್ಲ. ಆದರೆ ಇದರ ಜೊತೆ ಬದುಕುತ್ತಾ, ಸಿಕ್ಕಿದ್ದನ್ನೆಲ್ಲ ಓದುತ್ತಾ, ಡಾಕ್ಟರುಗಳನ್ನು ಕೇಳಿ ಕೇಳಿ ತಿಳಿದುಕೊಂಡಿದ್ದೇನೆ. ಅದು ಇನ್ನೊಬ್ಬರಿಗೆ ಉಪಯೋಗ ಆಗಬೇಕು ಅನ್ನೋದು ನನ್ನ ಆಸೆ.

ಮೊದಲು ನೆಮ್ಮದಿಯ ಮಾತು. ಇದು ಕ್ಯಾನ್ಸರ್ ಅಲ್ಲ. ಹೆಸರಿನಲ್ಲಿ ಟ್ಯೂಮರ್ ಇದೆ, ನಿಜ. ಆದರೆ ಬೇರೆ ಅಂಗಗಳಿಗೆ ಹರಡಿ ಜೀವ ತೆಗೆಯುವ ಸ್ವಭಾವ ಇದರದ್ದಲ್ಲ. ಹಾಗೆ ತಿರುಗಿಕೊಂಡ ಪ್ರಕರಣಗಳು ಇವೆ, ಆದರೆ ತೀರಾ ಅಪರೂಪ. ಹಾಗಂತ ಮರೆತುಬಿಡಬಹುದಾದ ಗಡ್ಡೆಯೂ ಅಲ್ಲ. ಕೀಲಿನ ಒಳಗೇ ಕೂತು ನಿಧಾನವಾಗಿ ಬೆಳೆಯುತ್ತದೆ, ಮೂಳೆಯ ತುದಿಗೆ ಹೊದಿಕೆಯಂತಿರುವ ನುಣುಪಾದ ಪದರವನ್ನು, ಅಂದರೆ ಕಾರ್ಟಿಲೇಜನ್ನು ಹಾಳು ಮಾಡುತ್ತದೆ, ಮೂಳೆಯ ಅಂಚನ್ನು ಕೊರೆಯುತ್ತದೆ. ಜಾಸ್ತಿ ಕಾಣಿಸಿಕೊಳ್ಳುವುದು 30ರಿಂದ 50ರ ವಯಸ್ಸಿನ ಆಸುಪಾಸಿನಲ್ಲಿ, ಅಂದರೆ ಕಾಲು ಚೆನ್ನಾಗಿ ಬೇಕಾದ ವಯಸ್ಸಿನಲ್ಲೇ. ದೊಡ್ಡ ಕೀಲುಗಳ ಪೈಕಿ ಮಂಡಿಗೇ ಹೆಚ್ಚು. ಸೊಂಟದ ಕೀಲು, ಕಣಕಾಲಿನ ಕೀಲಿಗೂ ಬರುತ್ತದೆ.

ಒಳಗೆ ಆಗುವುದು ಏನು ಅಂತ ಸ್ವಲ್ಪ ಹೇಳುತ್ತೇನೆ, ಯಾಕಂದರೆ ಇದು ಗೊತ್ತಿದ್ದರೆ ಮುಂದೆ ಬರುವ ಚಿಕಿತ್ಸೆಗಳೆಲ್ಲ ಅರ್ಥವಾಗುತ್ತವೆ. ಕೀಲಿನ ಒಳಗೋಡೆಗೆ ಸೈನೋವಿಯಂ ಅನ್ನೋ ತೆಳು ಪೊರೆ ಇರುತ್ತದೆ. ಕೀಲು ಸಲೀಸಾಗಿ ಆಡಲು ಬೇಕಾದ ಜಾರು ದ್ರವವನ್ನು ಮಾಡುವುದು ಇದೇ. ಈ ಪೊರೆಯ ಕೆಲವೇ ಕೆಲವು ಜೀವಕೋಶಗಳಲ್ಲಿ ಸಿಎಸ್‌ಎಫ್-1 ಅನ್ನೋ ಜೀನ್ ತನ್ನ ಜಾಗದಿಂದ ಮುರಿದು ಇನ್ನೊಂದು ಜೀನಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಆ ಕೋಶಗಳು ಸಿಎಸ್‌ಎಫ್-1 ಪ್ರೋಟೀನನ್ನು ಬೇಕಾಬಿಟ್ಟಿ ಸುರಿಸುತ್ತವೆ. ಆ ಪ್ರೋಟೀನಿನ ಕೆಲಸವೇ ಮ್ಯಾಕ್ರೋಫೇಜ್ ಜಾತಿಯ ರಕ್ಷಣಾ ಕೋಶಗಳನ್ನು ಕರೆಯುವುದು. ಅವು ಬರುತ್ತವೆ, ಬಂದವು ಅಲ್ಲೇ ಉಳಿಯುತ್ತವೆ, ಗುಂಪಾಗುತ್ತವೆ. 2006ರಲ್ಲಿ ಇದು ಪತ್ತೆಯಾದಾಗ ಗೊತ್ತಾದ ಸಂಗತಿ ನನಗೆ ಈಗಲೂ ಆಶ್ಚರ್ಯ: ಗಡ್ಡೆಯೊಳಗೆ ಜೀನ್ ಕೆಟ್ಟಿರುವ ಕೋಶಗಳು ಶೇಕಡಾ 2ರಿಂದ 16ರಷ್ಟು ಮಾತ್ರ. ಮಿಕ್ಕವೆಲ್ಲ ಕರೆಗೆ ಓಗೊಟ್ಟು ಬಂದವು. ಇದು ಅಪ್ಪ ಅಮ್ಮನಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ. ಆ ಮಂಡಿಯ ಆ ಪೊರೆಯಲ್ಲಿ ಮಾತ್ರ ಆದ ಎಡವಟ್ಟು.

ಗಡ್ಡೆಯಲ್ಲಿ ಎರಡು ಬಗೆ. ಒಂದು, ಒಂದೇ ಕಡೆ ಗಂಟಿನಂತೆ ಇರುವುದು. ಇದಕ್ಕೆ ಅಂಚು ಇರುತ್ತದೆ, ಕೆಲವೊಮ್ಮೆ ತೊಟ್ಟಿನಂತೆ ಒಂದು ಬುಡವೂ ಇರುತ್ತದೆ. ಇಂಥದ್ದು ಇದ್ದರೆ ಮಂಡಿ ಮಡಚುವಾಗ ಏನೋ ಅಡ್ಡ ಸಿಕ್ಕಿಕೊಂಡ ಹಾಗೆ ಆಗಿ ಕಾಲು ಲಾಕ್ ಆಗಬಹುದು. ಎರಡನೆಯದು ಹರಡಿಕೊಂಡಿರುವುದು. ಪೊರೆಯ ತುಂಬಾ, ಮಂಡಿಯ ಮುಂದೆ ಹಿಂದೆ ಎಲ್ಲ ಕಡೆ, ಕೆಲವೊಮ್ಮೆ ಕೀಲಿನ ಹೊರಗೂ. ಎರಡಕ್ಕೂ ಹೆಸರು ಒಂದೇ ಆದರೂ ಚಿಕಿತ್ಸೆಯ ದೃಷ್ಟಿಯಿಂದ ಎರಡೂ ಬೇರೆ ಬೇರೆ ಕಾಯಿಲೆ ಅಂತಲೇ ಅಂದುಕೊಳ್ಳಿ. ಯಾರಾದರೂ ‘ನಂಗೂ ಇದೇ ಆಗಿತ್ತು, ಸಣ್ಣ ಆಪರೇಷನ್ ಮಾಡಿಸಿದೆ, ಸರಿಹೋಯ್ತು’ ಅಂದರೆ ಮೊದಲು ಕೇಳಬೇಕಾದದ್ದು ಯಾವ ಬಗೆ ಅಂತ.

ಈ ಕಾಯಿಲೆ ಪತ್ತೆಯಾಗುವುದೇ ತುಂಬಾ ತಡವಾಗಿ. ಆರ್ಥ್ರೈಟಿಸ್ ಅಂತಾರೆ, ಮಂಡಿಯೊಳಗಿನ ಮೆತ್ತೆಯಂಥ ಮೆನಿಸ್ಕಸ್ ಹರಿದಿದೆ ಅಂತಾರೆ, ಉಳುಕಿರಬೇಕು ಅಂತಾರೆ. ನನಗೂ ತುಂಬಾ ಕಾಲ ಆರ್ಥ್ರೈಟಿಸ್ ಮಾತ್ರೆಯೇ ನಡೆಯಿತು. ಡಾಕ್ಟರುಗಳನ್ನು ಬೈಯಲು ನನಗೆ ಮನಸ್ಸಿಲ್ಲ, ಯಾಕಂದರೆ ಇದನ್ನು ವೃತ್ತಿಯಲ್ಲಿ ಒಂದೆರಡು ಸಲ ನೋಡಿದವರೇ ಜಾಸ್ತಿ. ಒಂದು ಸುಳಿವು ಮಾತ್ರ ಎಲ್ಲರೂ ನೆನಪಿಟ್ಟುಕೊಳ್ಳಬೇಕು: ಮಂಡಿಯಿಂದ ತೆಗೆದ ನೀರಿನ ಬಣ್ಣ. ಆರೋಗ್ಯವಾದ ಕೀಲಿನ ದ್ರವ ತಿಳಿ ಹಳದಿ, ಅದರ ಮೂಲಕ ಅಕ್ಷರ ಓದಬಹುದು. ನನ್ನ ಮಂಡಿಗೆ ಸೂಜಿ ಚುಚ್ಚಿ ಎಳೆದಾಗ ಸಿರಿಂಜಿಗೆ ಏರಿದ್ದು ಕಂದು ಕೆಂಪು, ಮಬ್ಬು, ಗಟ್ಟಿ. ಡಾಕ್ಟರ್ ಅದನ್ನು ಬೆಳಕಿಗೆ ಹಿಡಿದು, ಅಲ್ಲಾಡಿಸಿ, ‘ಪೆಟ್ಟು ಬಿದ್ದಿತ್ತಾ? ಸರಿಯಾಗಿ ನೆನಪು ಮಾಡಿಕೊಳ್ಳಿ’ ಅಂತ ಮತ್ತೆ ಮತ್ತೆ ಕೇಳಿದರು. ಪೆಟ್ಟಿಲ್ಲದೆ ಕೀಲಿನೊಳಗೆ ರಕ್ತ ಬರುತ್ತಿದೆ ಅಂದರೆ ಅದಕ್ಕೊಂದು ಕಾರಣ ಇರಲೇಬೇಕು ಅಲ್ವಾ? ರಕ್ತ ಸರಿಯಾಗಿ ಹೆಪ್ಪುಗಟ್ಟದ ಹೀಮೋಫಿಲಿಯಾ ಕಾಯಿಲೆ ಇರಬಹುದು, ರಕ್ತ ತೆಳುವಾಗಿಸುವ ಮಾತ್ರೆ ಇರಬಹುದು, ಇಲ್ಲವೇ ಈ ಗಡ್ಡೆ. ಈ ಗಡ್ಡೆಯ ಬೆರಳಿನಂಥ ಚಿಗುರುಗಳಲ್ಲಿ ರಕ್ತನಾಳಗಳು ತುಂಬಾ ನಾಜೂಕು, ನಡೆದಾಡಿದರೂ ಒಸರುತ್ತವೆ. ಒಸರಿದ ರಕ್ತದ ಕಬ್ಬಿಣ ಪೊರೆಯಲ್ಲೇ ಕೂರುತ್ತದೆ. ಆ ಕಬ್ಬಿಣವೇ ಎಂಆರ್‌ಐಯಲ್ಲಿ ಇದನ್ನು ಹಿಡಿದುಕೊಡುತ್ತದೆ. ಗ್ರೇಡಿಯಂಟ್ ಎಕೋ ಅನ್ನೋ ಬಗೆಯ ಚಿತ್ರದಲ್ಲಿ ಆ ಜಾಗಗಳು ಕಪ್ಪಗೆ, ಇರುವುದಕ್ಕಿಂತ ದೊಡ್ಡದಾಗಿ ಹಬ್ಬಿದಂತೆ ಕಾಣುತ್ತವೆ. ಎಂಆರ್‌ಐಗೆ ಬರೆಯುವಾಗಲೇ ಈ ಅನುಮಾನ ಇದೆ ಅಂತ ಬರೆಸಿದರೆ ಆ ಚಿತ್ರವನ್ನೂ ತೆಗೆಯುತ್ತಾರೆ. ಕೊನೆಗೆ ಖಚಿತ ಮಾಡುವುದು ಮೈಕ್ರೋಸ್ಕೋಪಿನ ಕೆಳಗೆ ನೋಡುವ ಪೆಥಾಲಜಿಸ್ಟ್.

ಈಗ ನಾನು ಮುಖ್ಯವಾಗಿ ಹೇಳಬೇಕು ಅಂತ ಕೂತಿರುವ ವಿಷಯ. ರಿಪೋರ್ಟ್ ಕೈಗೆ ಬಂದ ದಿನ ಎಲ್ಲರಿಗೂ ಬರುವ ಯೋಚನೆ ‘ನಾಳೆಯೇ ತೆಗೆಸಿಬಿಡಬೇಕು’ ಅಂತ. ದಯವಿಟ್ಟು ಹಾಗೆ ಮಾಡಬೇಡಿ. ಈ ಗಡ್ಡೆ ನಿಮಗೆ ಸಮಯ ಕೊಡುತ್ತದೆ. ಕೆಲವು ವಾರ ತಡವಾದರೆ ಏನೂ ಕೈತಪ್ಪಿ ಹೋಗುವುದಿಲ್ಲ. ಆದರೆ ಮೊದಲ ಆಪರೇಷನ್ ಅರೆಬರೆ ಆದರೆ ಅದನ್ನು ಸರಿಮಾಡುವುದು ತುಂಬಾ ಕಷ್ಟ. ಹರಡಿಕೊಂಡಿರುವ ಬಗೆಯ ಮೇಲೆ ನಡೆದ ಒಂದು ದೊಡ್ಡ ಅಧ್ಯಯನ 2019ರಲ್ಲಿ ಪ್ರಕಟವಾಯಿತು, ಹಲವು ದೇಶಗಳ ಗಡ್ಡೆ ಚಿಕಿತ್ಸಾ ಕೇಂದ್ರಗಳ 966 ರೋಗಿಗಳದ್ದು. ಆಪರೇಷನ್ ಆಗಿ 5 ವರ್ಷಕ್ಕೆ ಮತ್ತೆ ಬೆಳೆಯದೆ ಉಳಿದವರು ಸುಮಾರು ಶೇಕಡಾ 55. ಅಂದರೆ ಇಂಥ ಪರಿಣತರ ಕೈಯಲ್ಲೂ ಹೆಚ್ಚೂಕಮ್ಮಿ ಅರ್ಧದಷ್ಟು ಜನರಿಗೆ ಮರಳಿ ಬಂದಿದೆ. ಅದಕ್ಕಿಂತ ಮುಖ್ಯ ಇನ್ನೊಂದು ಅಂಶ: ಬೇರೆ ಕಡೆ ಒಮ್ಮೆ ಆಪರೇಷನ್ ಆಗಿ, ಮತ್ತೆ ಬೆಳೆದ ಮೇಲೆ ಆ ಕೇಂದ್ರಗಳಿಗೆ ಬಂದವರಿಗಿಂತ ಮೊದಲ ಸಲವೇ ಅಲ್ಲಿಗೆ ಬಂದವರು ಚೆನ್ನಾಗಿದ್ದರು. ಇದನ್ನು ಓದಿದ ಮೇಲೆ ನನಗೆ ಇದನ್ನು ಎಲ್ಲರಿಗೂ ಕೂಗಿ ಹೇಳಬೇಕು ಅನ್ನಿಸಿತು.

ಒಂದೇ ಗಂಟಿನ ಬಗೆ ಆದರೆ ಕಥೆ ಸಲೀಸು. ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ ಮಾಡುವ ಕೀಹೋಲ್ ಆಪರೇಷನ್ನಿನಲ್ಲೋ ಸಣ್ಣ ಗಾಯ ಮಾಡಿಯೋ ಪೂರ್ತಿ ಗಂಟನ್ನು, ಅದು ಅಂಟಿರುವ ಪೊರೆಯ ಚೂರಿನ ಸಮೇತ ತೆಗೆಯುತ್ತಾರೆ. ಹೆಚ್ಚಿನವರಿಗೆ ಅಲ್ಲಿಗೆ ಮುಗಿಯುತ್ತದೆ.

ಹರಡಿದ ಬಗೆಯಲ್ಲಿ ಹಾಗಲ್ಲ. ಪೊರೆ ಮಂಡಿಯ ಒಳಗೆ ಎಷ್ಟೆಲ್ಲ ಮೂಲೆಗಳಲ್ಲಿ ಇಳಿದಿರುತ್ತದೆ ಅಂತ ನಾನು ಮೊದಲು ಊಹಿಸಿರಲಿಲ್ಲ. ಮಂಡಿಚಿಪ್ಪಿನ ಮೇಲ್ಗಡೆ ಒಂದು ಚೀಲ, ಎರಡು ಪಕ್ಕಕ್ಕೆ ಎರಡು ಕಾಲುವೆ, ಮಧ್ಯದಲ್ಲಿ ಮೂಳೆಗಳನ್ನು ಹಿಡಿದಿಡುವ ಕ್ರೂಸಿಯೇಟ್ ಲಿಗಮೆಂಟುಗಳ ಸುತ್ತ, ಮೆನಿಸ್ಕಸ್ ಕೆಳಗೆ, ಆಮೇಲೆ ಹಿಂಭಾಗದ ಎರಡು ಕೋಣೆಗಳು. ಮುಂಭಾಗವನ್ನು ಕೀಹೋಲ್‌ನಲ್ಲಿ ನೋಡಿ ನೋಡಿ ಕೆರೆದು ತೆಗೆಯಬಹುದು. ಹಿಂಭಾಗವೇ ಕಷ್ಟ. ಮಂಡಿಯ ಹಿಂದಿನ ಗುಳಿಯಲ್ಲಿ ಇಡೀ ಕೆಳಗಾಲಿಗೆ ರಕ್ತ ಒಯ್ಯುವ ದೊಡ್ಡ ನಾಳ ಇದೆ, ಪಾದಕ್ಕೆ ಹೋಗುವ ನರ ಇದೆ. ಗಡ್ಡೆ ಅವುಗಳ ಪಕ್ಕದಲ್ಲೇ ಕೂತಿದ್ದರೆ ಹಿಂದಿನಿಂದ ಚರ್ಮ ತೆರೆದು, ನಾಳ ನರ ಎರಡನ್ನೂ ಕಣ್ಣಾರೆ ನೋಡಿ, ಪಕ್ಕಕ್ಕೆ ಸರಿಸಿ, ಆಮೇಲೆ ಗಡ್ಡೆ ತೆಗೆಯಬೇಕಾಗುತ್ತದೆ. ಮುಂದೆ ಕೀಹೋಲ್, ಹಿಂದೆ ತೆರೆದ ಆಪರೇಷನ್, ಹೀಗೆ ಎರಡೂ ಸೇರಿಸಿ ಒಂದೇ ಸಲಕ್ಕೋ ಎರಡು ಸಲಕ್ಕೋ ಮಾಡುತ್ತಾರೆ. ಕೀಹೋಲ್ ಒಂದರಲ್ಲೇ ಮುಂದೆ ಹಿಂದೆ ಎಲ್ಲ ಮುಗಿಸುವ ಕೈಚಳಕ ಇರುವವರೂ ಇದ್ದಾರೆ. ಆದರೆ ಮುಂಭಾಗ ಮಾತ್ರ ಕ್ಲೀನ್ ಮಾಡಿ, ಹಿಂಭಾಗದ್ದನ್ನು ಹಾಗೇ ಬಿಟ್ಟು ಹೊಲಿಗೆ ಹಾಕಿದರೆ ಅದನ್ನು ‘ಗಡ್ಡೆ ತೆಗೆದಾಯ್ತು’ ಅಂತ ಕರೆಯಬಾರದು. ನನಗೆ ಆಪರೇಷನ್ ಮಾಡಿದ ಸರ್ಜನ್ ಮೊದಲ ಭೇಟಿಯಲ್ಲೇ ಎಂಆರ್‌ಐ ಸಿಡಿ ಹಾಕಿ, ಹಿಂಭಾಗದ ಒಂದೊಂದು ಚಿತ್ರವನ್ನೂ ನಿಲ್ಲಿಸಿ, ‘ನೋಡಿ, ಇದು ರಕ್ತನಾಳ, ಇದು ನಿಮ್ಮ ಗಡ್ಡೆ, ಮಧ್ಯೆ ಇಷ್ಟೇ ಜಾಗ’ ಅಂತ ಬೆರಳಿಟ್ಟು ತೋರಿಸಿದರು. ಪೂರ್ತಿ ತೆಗೆಯಲು ನೋಡುತ್ತೇನೆ, ಆದರೆ ನಾಳಕ್ಕೆ ಅಂಟಿದ್ದರೆ ಅಷ್ಟನ್ನು ಬಿಡುತ್ತೇನೆ, ನಿಮ್ಮ ಕಾಲು ಮುಖ್ಯ ಅಂದರು. ಅಷ್ಟು ಬಿಡಿಸಿ ಹೇಳುವವರ ಕೈಗೆ ಮಂಡಿ ಕೊಡಲು ನನಗೆ ಧೈರ್ಯ ಬಂತು. ನೀವೂ ಕೇಳಿ. ಇಂಥದ್ದು ಎಷ್ಟು ಮಾಡಿದ್ದೀರಿ, ಹಿಂಭಾಗಕ್ಕೆ ಹೇಗೆ ಹೋಗುತ್ತೀರಿ, ಉಳಿದುಕೊಂಡರೆ ಮುಂದೇನು ಅಂತ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಒಳ್ಳೆಯ ಡಾಕ್ಟರಿಗೆ ಇದರಿಂದ ಬೇಜಾರೂ ಆಗುವುದಿಲ್ಲ.

ಆಪರೇಷನ್ ಆದ ಮೇಲಿನ ದಿನಗಳ ಬಗ್ಗೆ ಯಾರೂ ಜಾಸ್ತಿ ಹೇಳುವುದಿಲ್ಲ. ಒಳಗಿನ ಪೊರೆಯನ್ನೆಲ್ಲ ಕೆರೆದಿರುತ್ತಾರೆ, ಹಸಿ ಗಾಯ, ರಕ್ತ ಕೂಡಿಕೊಳ್ಳುತ್ತದೆ, ಕೀಲು ಬಿಗಿಯಾಗಲು ತಯಾರಾಗಿ ಕೂತಿರುತ್ತದೆ. ಅದಕ್ಕೇ ನೋವು ಪೂರ್ತಿ ಹೋಗಲಿ, ಆಮೇಲೆ ಮಡಚೋಣ ಅಂತ ಕಾಯುವ ಹಾಗಿಲ್ಲ. ಫಿಸಿಯೋಥೆರಪಿ ಮೊದಲ ದಿನಗಳಿಂದಲೇ ಶುರು. ನನ್ನ ಫಿಸಿಯೋ ಮೊದಲು ಕೇಳಿದ್ದು ಮಡಚುವುದನ್ನಲ್ಲ, ಕಾಲನ್ನು ಪೂರ್ತಿ ನೇರ ಮಾಡುವುದನ್ನು. ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮಂಡಿಯ ಹಿಂಭಾಗವನ್ನು ಹಾಸಿಗೆಗೆ ಒತ್ತಿ ಹಿಡಿಯುವುದು. ನೋಡಲು ಏನೂ ಇಲ್ಲ. ಮಾಡಲು ಹೋದರೆ ತೊಡೆಯ ಸ್ನಾಯು ನಮ್ಮ ಮಾತೇ ಕೇಳುವುದಿಲ್ಲ. ಎಷ್ಟು ಗಮನ ಇಟ್ಟರೂ ಅದು ಬಿಗಿಯುವುದಿಲ್ಲ, ಊತ ಇದ್ದಾಗ ಆ ಸ್ನಾಯು ಹಾಗೆ ಮಂಕಾಗುತ್ತದಂತೆ. ಆಮೇಲೆ ಉದ್ದ ಟವೆಲ್ಲನ್ನು ಪಾದಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ಎಳೆದು, ಹಿಮ್ಮಡಿಯನ್ನು ಹಾಸಿಗೆ ಮೇಲೆ ಜಾರಿಸುತ್ತಾ ಕುಂಡಿಯ ಕಡೆಗೆ ತರುವುದು. ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿ ಮಂಡಿ ಪಕ್ಕ ಇಟ್ಟು ಅವರು ಡಿಗ್ರಿ ಹೇಳುತ್ತಿದ್ದರು. ಮೆಟ್ಟಿಲು ಹತ್ತಿ ಇಳಿಯಲು ಸುಮಾರು 90 ಡಿಗ್ರಿ ಬೇಕು, ಸೈಕಲ್ ತುಳಿಯಲು ಇನ್ನೂ ಸ್ವಲ್ಪ ಜಾಸ್ತಿ. ಬೆಳಗ್ಗೆ ಸಿಕ್ಕ ಡಿಗ್ರಿ ಸಂಜೆಗೆ ಕಳೆದುಹೋಗುತ್ತಿತ್ತು, ಮರುದಿನ ಮತ್ತೆ ಅದನ್ನೇ ಎಳೆದು ತರಬೇಕು. ಕಣ್ಣಲ್ಲಿ ನೀರು ಬರುತ್ತಿತ್ತು. ನನ್ನ ಅಕ್ಕ ಹತ್ತಿರ ಕೂತು ‘ಇನ್ನೊಂದು ಸಲ, ಇದೊಂದೇ’ ಅನ್ನುತ್ತಿದ್ದಳು. ಕೀಲು ಬಿಗಿದುಕೊಂಡೇ ಬಿಟ್ಟರೆ ಅರಿವಳಿಕೆ ಕೊಟ್ಟು ಬಲವಂತವಾಗಿ ಮಡಚಿಸಬೇಕಾದ ಪರಿಸ್ಥಿತಿ ಬರುತ್ತದೆ. ಆದ್ದರಿಂದ ಆಪರೇಷನ್ ದಿನಾಂಕ ಗೊತ್ತು ಮಾಡುವ ಮೊದಲೇ ಫಿಸಿಯೋ ಯಾರು, ದಿನಾ ಯಾರು ಜೊತೆಗಿರುತ್ತಾರೆ ಅನ್ನೋದನ್ನು ಗೊತ್ತು ಮಾಡಿಕೊಳ್ಳಿ. ಸರ್ಜನ್ ಎಷ್ಟು ಮುಖ್ಯವೋ ಇದೂ ಅಷ್ಟೇ ಮುಖ್ಯ ಅಂತ ನನ್ನ ಅನುಭವ.

ಇನ್ನು ಮಾತ್ರೆಗಳು. ಗಡ್ಡೆಯನ್ನು ಬೆಳೆಸುವುದು ಸಿಎಸ್‌ಎಫ್-1 ಕರೆ ಅಂತ ಹೇಳಿದೆನಲ್ಲ, ಆ ಕರೆಯನ್ನು ಕೇಳಿಸಿಕೊಳ್ಳುವ ರಿಸೆಪ್ಟರನ್ನು ಮುಚ್ಚಿಬಿಟ್ಟರೆ? ಈ ಯೋಚನೆಯಿಂದ ಬಂದ ಔಷಧಿಗಳು ಇವು. ಅಮೆರಿಕದಲ್ಲಿ 2019ರ ಆಗಸ್ಟ್‌ನಲ್ಲಿ ಪೆಕ್ಸಿಡಾರ್ಟಿನಿಬ್‌ಗೆ ಒಪ್ಪಿಗೆ ಸಿಕ್ಕಿತು. ಈ ಕಾಯಿಲೆಗೆ ಅಂತಲೇ ಒಪ್ಪಿಗೆ ಪಡೆದ ಮೊದಲ ಔಷಧಿ ಅದು. 120 ಜನರ ಪರೀಕ್ಷೆಯಲ್ಲಿ, ಸುಮಾರು ಆರು ತಿಂಗಳಲ್ಲಿ, ಔಷಧಿ ತೆಗೆದುಕೊಂಡವರಲ್ಲಿ ಶೇಕಡಾ 39ರಷ್ಟು ಜನರ ಗಡ್ಡೆ ಗಣನೀಯವಾಗಿ ಕುಗ್ಗಿತು. ಔಷಧಿ ಇಲ್ಲದ ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ ಒಬ್ಬರದ್ದೂ ಕುಗ್ಗಲಿಲ್ಲ. ಆದರೆ ಕೆಲವರ ಲಿವರ್‌ಗೆ ಗಂಭೀರ ತೊಂದರೆಯಾಯಿತು. ಅದಕ್ಕೇ ಅಮೆರಿಕದಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಜೊತೆ, ಪದೇ ಪದೇ ಲಿವರ್ ಪರೀಕ್ಷೆ ಮಾಡಿಸುವ ಷರತ್ತಿನ ಮೇಲೆ ಕೊಟ್ಟರು. ಯುರೋಪಿನ ಔಷಧ ಸಂಸ್ಥೆ 2020ರಲ್ಲಿ ಒಪ್ಪಿಗೆಯನ್ನೇ ಕೊಡಲಿಲ್ಲ. ಕೂದಲಿನ ಬಣ್ಣ ಬಿಳಿಚಿಕೊಳ್ಳುವುದು ಇದರ ಇನ್ನೊಂದು ಪರಿಣಾಮ, ಅದು ತುಂಬಾ ಜನರಿಗೆ ಆಗುತ್ತದೆ.

2025ರ ಫೆಬ್ರವರಿಯಲ್ಲಿ ಅಮೆರಿಕದಲ್ಲೇ ಇನ್ನೊಂದಕ್ಕೆ ಒಪ್ಪಿಗೆ ಸಿಕ್ಕಿತು, ವಿಮ್ಸೆಲ್ಟಿನಿಬ್. ವಾರಕ್ಕೆ ಎರಡು ಸಲ ನುಂಗುವ 30 ಮಿಲಿಗ್ರಾಂ ಕ್ಯಾಪ್ಸೂಲ್. 123 ಜನರ ಪರೀಕ್ಷೆಯಲ್ಲಿ ಶೇಕಡಾ 40ರಷ್ಟು ಜನರಿಗೆ ಗಡ್ಡೆ ಕುಗ್ಗಿತು, ಔಷಧಿ ಇಲ್ಲದ ಗುಂಪಿನಲ್ಲಿ ಮತ್ತೆ ಸೊನ್ನೆ. ಮಂಡಿ ಆಡುವುದು, ಬಿಗಿತ, ನೋವು ಎಲ್ಲ ಸುಧಾರಿಸಿದ್ದನ್ನೂ ದಾಖಲಿಸಿದ್ದಾರೆ. ಕಣ್ಣಿನ ಸುತ್ತ ಊತ, ಸುಸ್ತು, ಮೈ ತುರಿಕೆ ಬರಬಹುದು. ಈ ಎರಡು ಔಷಧಿಗಳು ಬರುವ ಮೊದಲು ಬ್ಲಡ್ ಕ್ಯಾನ್ಸರಿನ ಇಮ್ಯಾಟಿನಿಬ್ ಮಾತ್ರೆಯನ್ನು ಕೆಲವರಿಗೆ ಕೊಡುತ್ತಿದ್ದರು, ಈಗಲೂ ಹೊಸ ಔಷಧಿ ಸಿಗದ ಕಡೆ ಕೊಡುವವರಿದ್ದಾರೆ. ಅದರಿಂದ ಗಡ್ಡೆ ಕುಗ್ಗುವವರ ಸಂಖ್ಯೆ ಕಡಿಮೆ.

ಇಷ್ಟು ಓದಿ ಯಾರಾದರೂ ‘ಹಾಗಾದರೆ ಆಪರೇಷನ್ನೇ ಬೇಡ, ಮಾತ್ರೆ ಸಾಕು’ ಅಂದುಕೊಳ್ಳಬಾರದು. ಈ ಔಷಧಿಗಳಿಗೆ ಒಪ್ಪಿಗೆ ಇರುವುದು ಆಪರೇಷನ್ನಿನಿಂದ ಲಾಭಕ್ಕಿಂತ ಹಾನಿಯೇ ಜಾಸ್ತಿ ಆಗುವಂಥವರಿಗೆ. ಜೀನ್ ಕೆಟ್ಟ ಕೋಶಗಳು ಅಲ್ಲೇ ಉಳಿದಿರುತ್ತವೆ, ಮಾತ್ರೆ ನಿಲ್ಲಿಸಿದ ಮೇಲೆ ಮತ್ತೆ ಬೆಳೆಯಬಹುದು. ಎಷ್ಟು ವರ್ಷ ನುಂಗುವುದು, ಯಾವಾಗ ನಿಲ್ಲಿಸುವುದು ಅನ್ನೋದನ್ನು ಡಾಕ್ಟರ್ ಜೊತೆ ಕೂತು ತೀರ್ಮಾನಿಸಬೇಕು. ಮಗು ಬೇಕು ಅಂದುಕೊಂಡಿರುವವರು ಅದನ್ನು ಮೊದಲೇ ಹೇಳಬೇಕು, ಗರ್ಭದಲ್ಲಿರುವ ಮಗುವಿಗೆ ಇವು ಅಪಾಯ. ಜೀವಕ್ಕೆ ಕುತ್ತಿಲ್ಲದ ಕಾಯಿಲೆಗೆ ಲಿವರನ್ನು ಎಷ್ಟರಮಟ್ಟಿಗೆ ಪಣಕ್ಕಿಡುವುದು ಅನ್ನೋದು ಸುಲಭದ ಪ್ರಶ್ನೆ ಅಲ್ಲ. ಅದಕ್ಕೆ ಉತ್ತರ ನಿಮ್ಮ ಮಂಡಿ ನಿಮ್ಮನ್ನು ಎಷ್ಟು ಕಟ್ಟಿಹಾಕಿದೆ ಅನ್ನೋದರ ಮೇಲೆ ನಿಂತಿದೆ.

ರೇಡಿಯೇಷನ್ ಕೂಡ ಒಂದು ದಾರಿ. ಹೊರಗಿನಿಂದ ಕೊಡುತ್ತಾರೆ, ಇಲ್ಲವೇ ಯಿಟ್ರಿಯಂ-90 ಅನ್ನೋ ವಿಕಿರಣ ವಸ್ತುವನ್ನು ಕೀಲಿನೊಳಗೇ ಇಂಜೆಕ್ಷನ್ ಮಾಡುತ್ತಾರೆ. ಇದರ ಲಾಭಕ್ಕೆ ಗಟ್ಟಿ ಪುರಾವೆ ಕಡಿಮೆ, ಬಿಗಿತ ಮತ್ತು ಚರ್ಮದ ತೊಂದರೆಗಳಿವೆ, ಎಷ್ಟೋ ವರ್ಷಗಳ ನಂತರ ಅದೇ ಜಾಗದಲ್ಲಿ ಬೇರೆ ಗಡ್ಡೆ ಬರುವ ಭಯವೂ ಇದೆ. ಚಿಕ್ಕ ವಯಸ್ಸಿನವರು ಇದಕ್ಕೆ ಒಪ್ಪುವ ಮೊದಲು ಎರಡನೇ ಅಭಿಪ್ರಾಯ ತೆಗೆದುಕೊಳ್ಳಲೇಬೇಕು ಅಂತ ನಾನು ಹೇಳುತ್ತೇನೆ. ಸ್ಟಿರಾಯ್ಡ್ ಇಂಜೆಕ್ಷನ್ನಿನಿಂದ ಸ್ವಲ್ಪ ದಿನ ಊತ ಇಳಿಯಬಹುದು, ಗಡ್ಡೆ ಹೋಗುವುದಿಲ್ಲ. ಕಾರ್ಟಿಲೇಜ್ ಪೂರ್ತಿ ಸವೆದುಹೋಗಿದ್ದರೆ ಮಂಡಿ ಬದಲಾವಣೆ ಮಾಡುತ್ತಾರೆ, ಆಗಲೇ ಪೊರೆಯನ್ನೂ ತೆಗೆಯುತ್ತಾರೆ. ಹಾಗೆ ಮಾಡಿದ ಮೇಲೂ ಮರಳಿ ಬರುವ ಸಾಧ್ಯತೆ ಇದ್ದೇ ಇದೆ.

ಏನೂ ಮಾಡದೆ ಗಮನಿಸುತ್ತಾ ಇರುವುದೂ ಒಂದು ಚಿಕಿತ್ಸೆಯೇ. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ಸಮಯ ಹಿಡಿಯಿತು. ಆಪರೇಷನ್ ಆದ ಕೆಲವು ತಿಂಗಳಿಗೆ ಒಂದು ಎಂಆರ್‌ಐ ಮಾಡಿಸಬೇಕು. ತೀರಾ ಬೇಗ ಮಾಡಿಸಿದರೆ ಗಾಯದ ಗುರುತು ಯಾವುದು, ಗಡ್ಡೆ ಯಾವುದು ಗೊತ್ತಾಗುವುದಿಲ್ಲ. ಆಮೇಲೆ ನಿಯಮಿತವಾಗಿ ಅದರ ಜೊತೆ ಹೋಲಿಸಿ ನೋಡುತ್ತಾರೆ. ನನ್ನದರಲ್ಲಿ ಹಿಂಭಾಗದಲ್ಲಿ, ರಕ್ತನಾಳದ ಹತ್ತಿರ ಒಂದು ಸಣ್ಣ ಚೂರು ಕಾಣಿಸುತ್ತಿದೆ. ಮೊದಲ ಸಲ ರಿಪೋರ್ಟಿನಲ್ಲಿ ಅದನ್ನು ಓದಿದಾಗ ಎಲ್ಲ ವ್ಯರ್ಥವಾಯಿತು ಅನ್ನಿಸಿ ಅತ್ತುಬಿಟ್ಟೆ. ಸರ್ಜನ್ ಕೇಳಿದ್ದು ಇಷ್ಟೇ: ನೋವಿದೆಯಾ, ಊತ ಇದೆಯಾ, ಮೆಟ್ಟಿಲು ಇಳಿಯಲು ಆಗುತ್ತಿದೆಯಾ, ಕಳೆದ ಸಲಕ್ಕಿಂತ ಚೂರು ದೊಡ್ಡದಾಗಿದೆಯಾ. ನಾಲ್ಕಕ್ಕೂ ಒಳ್ಳೆಯ ಉತ್ತರವೇ ಇತ್ತು. ಹಾಗಾದರೆ ಅದರ ತಂಟೆಗೆ ಹೋಗುವುದು ಬೇಡ ಅಂದರು. ಚಿತ್ರದಲ್ಲಿ ಗಡ್ಡೆ ಕಂಡಿತು ಅಂತ ಚೆನ್ನಾಗಿ ಆಡುತ್ತಿರುವ ಮಂಡಿಯನ್ನು ಮತ್ತೆ ಕೊಯ್ಯಬೇಕಾಗಿಲ್ಲ. ಬೆಳೆಯುತ್ತಿದ್ದರೆ, ಮೂಳೆ ಕೊರೆಯಲು ಶುರು ಮಾಡಿದರೆ, ಕಾಲು ಕೆಲಸಕ್ಕೆ ಬಾರದ ಹಾಗೆ ಆದರೆ ಆಗ ಬೇರೆ ಮಾತು.

ಕೊನೆಗೆ ಒಂದು ಸಣ್ಣ ಕೆಲಸ ಹೇಳುತ್ತೇನೆ, ಇವತ್ತೇ ಮಾಡಿ. ಎಂಆರ್‌ಐ ರಿಪೋರ್ಟಿನ ಹಾಳೆ ಮಾತ್ರ ಸಾಲದು, ಚಿತ್ರಗಳ ಸಿಡಿ ಕೇಳಿ ಇಟ್ಟುಕೊಳ್ಳಿ. ಹೊಸ ಸರ್ಜನ್ ನೋಡುವುದು ಚಿತ್ರವನ್ನೇ. ಆಪರೇಷನ್ ಆಗಿದ್ದರೆ ಡಿಸ್ಚಾರ್ಜ್ ಸಮ್ಮರಿ ಜೊತೆಗೆ ಆಪರೇಷನ್ ನೋಟ್ಸ್ ಕೂಡ ಪಡೆಯಿರಿ. ಯಾವ ಯಾವ ಮೂಲೆಯಿಂದ ತೆಗೆದರು, ಎಲ್ಲಿ ಬಿಟ್ಟರು ಅನ್ನೋದು ಇರುವುದು ಅದರಲ್ಲೇ. ಪೆಥಾಲಜಿ ಲ್ಯಾಬಿನಲ್ಲಿ ನಿಮ್ಮ ಗಡ್ಡೆಯ ಚೂರನ್ನು ಮೇಣದ ಬ್ಲಾಕಿನಲ್ಲಿ ಇಟ್ಟಿರುತ್ತಾರೆ. ಆ ಬ್ಲಾಕ್ ನಂಬರ್ ಬರೆದಿಟ್ಟುಕೊಳ್ಳಿ. ಮುಂದೆ ಬೇರೆ ಕಡೆ ತೋರಿಸಬೇಕಾದರೆ ಅದನ್ನೇ ತರಿಸಿ ನೋಡಬಹುದು, ಸುಮ್ನೆ ಇನ್ನೊಂದು ಸಲ ಬಯಾಪ್ಸಿ ಮಾಡಿಸಿಕೊಳ್ಳುವುದು ತಪ್ಪಬಹುದು.